ಯಾವ ಮಠ ರೀ ಇದು?

ತೊಂಬತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದ ಶುಂಠಿ ವ್ಯಾಪಾರಿ ಚನ್ನಬಸಪ್ಪನವರ ಹಳೇ ಕಂಪ್ಯೂಟರಿಗೆ ಇ-ಮೇಲ್ ಹಾಕಿಕೊಡಲು ಹೋಗಿದ್ದೆ. ಅದಕ್ಕೆ ಒಗ್ಗಿದ್ದು ‘ಮಟ್’ ಎಂಬ ಪ್ರೋಗ್ರಾಂ ಒಂದೇ. ಅದರಲ್ಲಿ ಚಿತ್ರವಿಲ್ಲ, ಮೌಸ್ ಬೇಡ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ.

ಪರದೆಯ ಮೇಲಿನ ಇಂಗ್ಲಿಷ್ ಹೆಸರನ್ನು ಅವರು ಕೂಡಿಸಿ ಓದಿ, “ಯಾವ ಮಠ ರೀ ಇದು?” ಎಂದರು.

‘ಮಟ್’ ಅನ್ನೇ ಹಾಗೆ ಉಚ್ಚರಿಸಿ, ಯಾವ ಕಂಪನಿಯದು ಎಂದು ಕೇಳುತ್ತಿದ್ದಾರೆಂದುಕೊಂಡೆ. “ಯಾರ ಸ್ವತ್ತೂ ಅಲ್ರೀ. ದೇಶದೇಶದೋರು ಸೇರಿ ನಡೆಸ್ತಾರೆ, ಎಲ್ಲರಿಗೂ ಪುಕ್ಕಟೆ ಕೊಡ್ತಾರೆ.”

“ಹಂಗಾರೆ ಪೀಠದಾಗೆ ಯಾರದಾರೆ?”

ಯಾವ ಪೀಠವೋ ನನಗೆ ತಿಳಿಯಲಿಲ್ಲ. ಫೋನ್ ತಂತಿ ಸಿಕ್ಕಿಸಿ, ಬಂದ ಪತ್ರಗಳನ್ನು ಇಳಿಸತೊಡಗಿದೆ.

ಅಷ್ಟರಲ್ಲಿ ಕೊಚ್ಚಿಯಿಂದ ಅವರು ಕಾಯುತ್ತಿದ್ದ ಖರೀದಿದಾರರ ಪತ್ರ ಬಂತು. ನೋಡಿದರೆ ಬರೀ ಗೀಚುಗೀಚು ಗುರುತುಗಳು. ದಾರಿ ಕಾಣದೆ ‘ಮಟ್’ ಬಳಸುವವರ ಇ-ಮೇಲ್ ಗುಂಪಿಗೆ ಬರೆದೆ. ಮರುದಿನ ಬೆಳಿಗ್ಗೆ ಯಾರೋ ಅಪರಿಚಿತರು ಒಂದು ಸಾಲು ಕಳಿಸಿ, ಪ್ರೋಗ್ರಾಂನ ಸೆಟ್ಟಿಂಗಿಗೆ ಸೇರಿಸಿ ನೋಡಿ ಎಂದಿದ್ದರು. ಸೇರಿಸಿದೆ, ಪತ್ರ ಓದಲು ಬಂತು.

“ಅವರು ನಿಮಗೆ ಗುರುತೇನ್ರೀ?”

“ಇಲ್ಲ.”

ಚನ್ನಬಸಪ್ಪನವರು ಪರದೆಗೆ ಕೈಮುಗಿದರು. “ನನ್ನ ಹೆಸರಾಗೆ ಬರೀರಿ. ಮಠದ ಸಮಸ್ತ ಭಕ್ತರಿಗೆ ಶರಣು.”

ಮಠಕ್ಕೂ ಇಂಗ್ಲಿಷಿನಲ್ಲಿ ಅದೇ ‘Mutt’ ಎಂಬ ಸ್ಪೆಲ್ಲಿಂಗ್ ಎಂದು ನನಗೆ ಹೊಳೆದದ್ದು ಆಗ. ಅವರು ಹೇಳಿದಂತೆಯೇ ಬರೆದೆ. ಆ ಇಂಗ್ಲಿಷ್ ಪದಕ್ಕೆ ಕಂತ್ರಿನಾಯಿ ಎಂದರ್ಥವೆಂದು ಅವರಿಗೆ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.