ಆಫ್ ಮಾಡದೆ ಬಂದಿದ್ದೆ

ಹೆಬ್ಬಾಳ ಫ್ಲೈಓವರ್ ಕಾಣಿಸುವ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನನ್ನ ಕೆಲಸ. ರಕ್ತಪರೀಕ್ಷೆಯ ಯಂತ್ರ ಮತ್ತು ಕಂಪ್ಯೂಟರ್ ಒಂದಕ್ಕೊಂದು ಮಾತಾಡಲು ಬೇಕಾದ ಡ್ರೈವರ್‌ಗಳನ್ನು ಬರೆಯುತ್ತೇನೆ. ಡ್ರೈವರ್ ಓಡುವುದು ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತೀರಾ ಒಳಗೆ. ಅಲ್ಲಿ ತಪ್ಪಾದರೆ ಇಡೀ ಕಂಪ್ಯೂಟರ್ ನಿಂತುಹೋಗುತ್ತದೆ. ಏಕೆ ನಿಂತಿತೆಂದು ತಾನೇ ಹೇಳಲಾರದು. ಇನ್ನೊಂದು ಕಂಪ್ಯೂಟರನ್ನು ಯುಎಸ್‌ಬಿ ಕೇಬಲ್‌ನಿಂದ ಸೇರಿಸಿ ಹೊರಗಿನಿಂದ ಇಣುಕಬೇಕು.

ಹೋದ ವರ್ಷ ಅಮೃತಹಳ್ಳಿಯ ಒಂದು ಸಣ್ಣ ಲ್ಯಾಬಿಗೆ ಇದೇ ಕೆಲಸಕ್ಕೆ ಹೋಗಿದ್ದೆ. ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯವರ ಫೋನ್ ಬಂದರೆ ದಖನಿ ಉರ್ದುವಿನಲ್ಲಿ ಎರಡು ಮಾತಾಡಿ ಇಟ್ಟುಬಿಡುತ್ತಿದ್ದರು, ನಮ್ಮೊಡನೆ ಕನ್ನಡ. ಯಂತ್ರಕ್ಕೆ ಧೂಳು ಕೂರದಂತೆ ಹಳೇ ದುಪಟ್ಟಾದಿಂದ ಒಂದು ಗವಸು ಹೊಲಿದು ಹಾಕಿದ್ದರು.

ಕಂಪ್ಯೂಟರಿನ ಹಿಂದೆ ಆರು ಯುಎಸ್‌ಬಿ ಪೋರ್ಟ್‌ಗಳಿದ್ದವು. ಡೀಬಗ್ ಮಾಡಲು, ಅಂದರೆ ಹಾಗೆ ಇಣುಕಿ ತಪ್ಪು ಹುಡುಕಲು, ಒಪ್ಪುವುದು ಅವುಗಳಲ್ಲಿ ಒಂದು ಮಾತ್ರ, ಯಾವುದೆಂದು ಎಲ್ಲೂ ಬರೆದಿರುವುದಿಲ್ಲ. ನಾನು ಮುಕ್ಕಾಲು ಗಂಟೆ ಅದಕ್ಕಿದಕ್ಕೆ ಚುಚ್ಚುತ್ತ ಕೂತಿದ್ದೆ. ಅವರು ಮೊಬೈಲಿನ ಟಾರ್ಚ್ ಹಿಡಿದುಕೊಂಡಿದ್ದರು.

“ಸರ್, ಎಲ್ಲದಕ್ಕಿಂತ ಕೆಳಗೆ ಒಂದು ಇದೆ ನೋಡಿ. ಅದಕ್ಕೆ ಹಾಕೇ ಇಲ್ಲ ನೀವು.”

ಅದೇ ಆಗಿತ್ತು.

ಅವತ್ತು ತಪ್ಪು ಸಿಕ್ಕಿತು. ಸರಿಪಡಿಸಿದ ಡ್ರೈವರ್ ಹಾಕಿದೆ. ಪರೀಕ್ಷೆಗೆಂದು ಅದರೊಳಗೆ ಒಂದು ಸಾಲು ಬರೆದಿದ್ದೆ: ಯಂತ್ರದಿಂದ ಅರ್ಧಂಬರ್ಧ ಉತ್ತರ ಬಂದರೆ ಅಲ್ಲೇ ನಿಲ್ಲು, ಕೇಬಲಿನ ಆ ತುದಿಯ ನನ್ನ ಲ್ಯಾಪ್‌ಟಾಪಿನಿಂದ ಅಪ್ಪಣೆ ಬರುವವರೆಗೂ ಅಲ್ಲಾಡಬೇಡ. ಹೊರಡುವ ಮೊದಲು ಆ ಸಾಲನ್ನು ತೆಗೆಯಬೇಕಿತ್ತು, ಡೀಬಗ್ ಸೆಟ್ಟಿಂಗನ್ನೂ ಆಫ್ ಮಾಡಬೇಕಿತ್ತು. ಐದರೊಳಗೆ ಹೆಬ್ಬಾಳ ದಾಟಿಬಿಡೋಣ ಎಂಬ ಅವಸರದಲ್ಲಿ ಎರಡನ್ನೂ ಮಾಡದೆ, ಕೇಬಲ್ ಸುತ್ತಿಕೊಂಡು, ಅವರು ಕೊಟ್ಟ ಟೀ ಕುಡಿದು ಬಂದೆ.

ವಾರದ ಮೇಲೆ ಅವರ ಫೋನ್. “ಸರ್, ಕಂಪ್ಯೂಟರ್ ಹಾಗೇ ನಿಂತ್‌ಬಿಟ್ಟಿದೆ. ಮೌಸೂ ಅಲ್ಲಾಡ್ತಿಲ್ಲ.”

“ಆಫ್ ಮಾಡಿ ಆನ್ ಮಾಡಿ ಮೇಡಂ.”

ಮತ್ತೆರಡು ದಿನಕ್ಕೆ ಅದೇ. ಮೂರನೇ ಸಲ ಅವರೆಂದರು, “ತಪ್ಪು ತಿಳ್ಕೋಬೇಡಿ ಸರ್. ಮುಂಚೆ ಕೆಟ್ಟರೆ ನೀಲಿ ಪರದೆ ಬರ್ತಿತ್ತು. ನೀವು ಬಂದು ಹೋದ್ಮೇಲೆ ಹಿಂಗೆ ಸುಮ್ನೆ ನಿಲ್ತಿದೆ. ಎರಡೂ ಬೇರೆ ಬೇರೆ ಅಲ್ವಾ?”

ಆ ಒಂದು ಮಾತಿನಲ್ಲಿ ಉತ್ತರವಿತ್ತು. ನನ್ನ ಕಿವಿಗೆ ಬಿದ್ದದ್ದು ಮಾತ್ರ ‘ನೀವು ಬಂದು ಹೋದ್ಮೇಲೆ’ ಎಂಬುದಷ್ಟೇ. ಮೈ ಉರಿಯಿತು. ಮಧ್ಯಾಹ್ನ ಲ್ಯಾಬಿನ ಮಾಲೀಕರಿಗೆ ನಾನೇ ಫೋನ್ ಮಾಡಿದೆ. “ಅವ್ರು ಸ್ವಿಚ್ ಆಫ್ ಮಾಡೋ ಕ್ರಮ ತಪ್ತಿದೆ ಅನ್ಸುತ್ತೆ ಸರ್. ಸ್ವಲ್ಪ ವಯಸ್ಸಾಯ್ತಲ್ಲ, ಈ ಹೊಸ ಯಂತ್ರಗಳು ಅವ್ರಿಗೆ ಕಷ್ಟ” ಎಂದೆ. ನನಗೂ ಆಗ ನಲವತ್ತಾರು.

ಮರುದಿನವೇ ಅವರನ್ನು ಮುಂಬಾಗಿಲ ಕೌಂಟರಿನಲ್ಲಿ ಕೂರಿಸಿ, ಯಂತ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ಹಾಕಿದರು. ನಾಲ್ಕೇ ದಿನಕ್ಕೆ ಅವಳ ಕೈಯಲ್ಲೂ ಕಂಪ್ಯೂಟರ್ ನಿಂತಿತು. ನಾನು ಹೋಗಲೇಬೇಕಾಯಿತು.

ಮಾಲೀಕರು ಇರಲಿಲ್ಲ. ಕೌಂಟರಿನಿಂದ ಎದ್ದು ಆ ಮೇಡಂ ಅವರೇ ನನ್ನ ಜೊತೆ ಒಳಗೆ ಬಂದರು. “ನೀವು ಬರೋವರೆಗೂ ಯಾರೂ ಮುಟ್ಟಬೇಡಿ ಅಂತ ಹೇಳಿದ್ದೆ ಸರ್. ಆಫ್ ಮಾಡಿದ್ರೆ ನಿಮಗೇನೂ ಕಾಣ್ಸಲ್ವಲ್ಲ.” ಬೆಳಿಗ್ಗೆಯಿಂದ ಪರದೆಯ ಮೇಲೆ ಗಡಿಯಾರ ಹತ್ತೂ ಕಾಲಿಗೆ ನಿಂತಿತ್ತು.

ಎಲ್ಲದಕ್ಕಿಂತ ಕೆಳಗಿನ ಪೋರ್ಟಿಗೆ ಕೇಬಲ್ ಹಾಕಿದೆ. ಒಂದೇ ಕ್ಷಣದಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಅಕ್ಷರಗಳು ಬಂದವು. ನಾನು ಬರೆದ ಅದೇ ಸಾಲಿನಲ್ಲಿ ಆ ಕಂಪ್ಯೂಟರ್ ನಿಂತು ಕಾಯುತ್ತಿತ್ತು. ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. ‘ಮುಂದುವರಿ’ ಎನ್ನಲು ಒಂದೇ ಅಕ್ಷರ ಸಾಕು. ಒತ್ತಿದೆ. ಗಡಿಯಾರ ಹತ್ತೂ ಕಾಲಿನಿಂದ ಮುಂದೆ ನಡೆಯಿತು.

“ಏನಾಗಿತ್ತು ಸರ್?” ಬೆನ್ನ ಹಿಂದಿನಿಂದ ಕೇಳಿದರು.

“ಕೇಬಲ್ ಲೂಸಾಗಿತ್ತು ಮೇಡಂ.”

ಯಂತ್ರದ ಕೇಬಲಿನ ಎರಡೂ ತಿರುಪುಗಳನ್ನು ಬಿಗಿ ಮಾಡಿದ್ದವರು ಅವರೇ. ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. “ಸರಿ ಸರ್” ಎಂದು ಕೌಂಟರಿಗೆ ಹೋದರು. ನಾನು ಸಾಲು ತೆಗೆದೆ, ಸೆಟ್ಟಿಂಗ್ ಆಫ್ ಮಾಡಿದೆ. ಅವತ್ತು ಯಾರೂ ಟೀ ಕೊಡಲಿಲ್ಲ, ಕೊಟ್ಟಿದ್ದರೂ ಕುಡಿಯಲಾಗುತ್ತಿರಲಿಲ್ಲ.

ಆ ವಾರವೆಲ್ಲ ಊಟ ರುಚಿಸಲಿಲ್ಲ. ಕೊನೆಗೆ ಮಾಲೀಕರಿಗೆ ಇಮೇಲ್ ಬರೆದೆ: ‘ಪರೀಕ್ಷೆಯ ಸೆಟ್ಟಿಂಗ್ ಆನ್ ಆಗಿ ಉಳಿದಿತ್ತು, ಈಗ ಸರಿಪಡಿಸಲಾಗಿದೆ.’ ಉಳಿಸಿದವನು ನಾನೆಂದು ಆ ವಾಕ್ಯದಲ್ಲಿ ಎಲ್ಲೂ ಇರಲಿಲ್ಲ. ಕನ್ನಡ ಅಷ್ಟು ಚೆನ್ನಾಗಿ ನನ್ನನ್ನು ಬಚ್ಚಿಟ್ಟಿತು.

ಮೂರನೇ ದಿನ ಆ ಮೇಡಂ ಅವರೇ ಫೋನ್ ಮಾಡಿದರು. ಇಮೇಲನ್ನು ಮಾಲೀಕರು ಅವರಿಗೂ ತೋರಿಸಿದ್ದರಂತೆ. ದನಿಯಲ್ಲಿ ಸಿಟ್ಟಿರಲಿಲ್ಲ.

“ತಾನಾಗೇ ಉಳೀತಾ ಸರ್ ಅದು?”

“ಇಲ್ಲ ಮೇಡಂ. ನಾನೇ ಬಿಟ್ಟಿದ್ದೆ. ಅವಸರದಲ್ಲಿ ಹೊರಟ್‌ಬಿಟ್ಟೆ.”

“ಅವತ್ತೇ ಗೊತ್ತಾಯ್ತು. ನೀವು ಒಂದೇ ಒಂದು ಕೀ ಒತ್ತಿದ್ರಿ.”

“ಹಾಗಾದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಯಾರಿಗೆ ಹೇಳ್ಲಿ ಸರ್? ವಯಸ್ಸಾಯ್ತು ಅಂತ ನೀವೇ ಹೇಳಿದ್ರಂತೆ.”

ಕ್ಷಮಿಸಿ ಎಂದೆ. “ನಂಗಲ್ಲ ಸರ್, ಅವ್ರಿಗೆ ಹೇಳಿ” ಎಂದು ಫೋನ್ ಇಟ್ಟರು.

ಅವತ್ತೇ ಸಂಜೆ ಮಾಲೀಕರಿಗೆ ಫೋನ್ ಮಾಡಿ, ತಪ್ಪು ನನ್ನದು, ಅವರದಲ್ಲ, ವಯಸ್ಸಿನ ಮಾತು ನಾನು ಆಡಬಾರದಿತ್ತು ಎಂದು ಬಿಡಿಸಿ ಹೇಳಿದೆ. “ಅಯ್ಯೋ ಆಯ್ತು ಬಿಡಿ ಸರ್, ಈಗ ಓಡ್ತಿದೆಯಲ್ಲ. ಆ ಹುಡುಗಿನೂ ಕಲ್ತುಬಿಟ್ಟಿದಾಳೆ” ಎಂದರು. ಆ ಮೇಡಂ ಅವರನ್ನು ಯಂತ್ರಕ್ಕೆ ವಾಪಸ್ ಹಾಕಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವರು ಕೆಲಸ ಬಿಟ್ಟು ಯಲಹಂಕದ ಕಡೆ ಬೇರೊಂದು ಲ್ಯಾಬಿಗೆ ಸೇರಿದರೆಂದು ಆ ಹುಡುಗಿ ಹೇಳಿದಳು. ಅವರ ನಂಬರ್ ನನ್ನ ಫೋನಿನಲ್ಲಿದೆ. ಎರಡು ಸಲ ತೆಗೆದು ನೋಡಿದ್ದೇನೆ, ಒತ್ತುವ ಧೈರ್ಯವಾಗಿಲ್ಲ.