ಗೋಡೆಯ ಮೇಲಿನ ನಾಲ್ಕು ಹೆಸರು

ಒಣಹುಲ್ಲು ಸುಡುವ ವಾಸನೆ ಬಂದರೆ ನನಗೆ ಇಂದಿಗೂ ಮೊದಲು ನೆನಪಾಗುವುದು ಒಂದು ಗಡಿಯಾರ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಶಾಲೆ ಬಿಡುವುದನ್ನೇ ಕಾಯುತ್ತ ಗೋಡೆಯ ಗಡಿಯಾರ ನೋಡುತ್ತಿದ್ದಾಗ ಕಿಟಕಿಯಿಂದ ಬೆಚ್ಚನೆಯ ಹೊಗೆ ಒಳಗೆ ಬಂತು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹನ್ನೊಂದು ವರ್ಷ. ಬಸಪ್ಪಜ್ಜನ ಹುಲ್ಲಿನ ಬಣವೆ ಹೊತ್ತಿಕೊಂಡಿತ್ತು.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿದ್ದ ನಮ್ಮ ಮನೆ ಆಗ ಅರ್ಧ ಛತ್ರವೇ ಆಗಿತ್ತು. ಅಣ್ಣ ಮಹಾದೇವ ಎರಡೂ ತಾಲ್ಲೂಕಿನಲ್ಲಿ ಯುವಕ ಸಂಘ ಕಟ್ಟುತ್ತ ಸೈಕಲ್ಲಿನಲ್ಲಿ ಅಲೆಯುತ್ತಿದ್ದ. ಕುಬಟೂರಿನ ಕಡೆಯಿಂದಲೋ ಬಳ್ಳಿಗಾವಿಯಿಂದಲೋ ಬಂದ ಹುಡುಗರು, ಕೆರೆಯ ಹೂಳು ತೆಗೆದ ಕೆಸರುಗಾಲಿನಲ್ಲೇ ನಮ್ಮ ಹಜಾರದಲ್ಲಿ ಸಾಲಾಗಿ ಮಲಗಿರುತ್ತಿದ್ದರು. “ನಿನ್ನ ಸಂಘಕ್ಕೆ ಒಂದು ಒಲೆ ಬೇರೆ ಹಾಕಿಸೋ, ಲೀಡರಪ್ಪ” ಎಂದು ಗೊಣಗುತ್ತಲೇ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಿಂತ ಮನೆಯನ್ನು ನಾನು ಆಗ ಕಲ್ಪಿಸಿಕೊಳ್ಳಲಾರದವಳಾಗಿದ್ದೆ.

ಸಂಘಕ್ಕೊಂದು ಪದ್ಧತಿಯಿತ್ತು. ಊರಿನ ಕೆಲಸಕ್ಕೆ ಕೈ ಹಚ್ಚಿದವರ ಹೆಸರು ಅದೇ ಸಂಜೆ ಸಂಘದ ಕೋಣೆಯ ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆಯಲ್ಪಡುತ್ತಿತ್ತು. ಓದು ಬಾರದವರೂ ಬಂದು ತಮ್ಮ ಸಾಲು ಯಾವುದೆಂದು ಕೇಳಿ, ಮುಟ್ಟಿ ನೋಡಿ ಹೋಗುತ್ತಿದ್ದರು. ನನ್ನ ಅಕ್ಷರ ದುಂಡಗಿತ್ತು, ಬರೆಯುವವಳು ನಾನೇ.

ಆ ಬೆಂಕಿಯ ಹಿಂದಿನ ದಿನ, ಗುರುವಾರ, ನಾಲ್ವರು ಗೇಣಿದಾರರು ಅಣ್ಣನಿಗೆ ಮಾತು ಕೊಟ್ಟರು. ಗದ್ದೆ ಉಳುವವರು ತಾವೆಂದು ತಾಲ್ಲೂಕು ಕಚೇರಿಯಲ್ಲಿ ಹೇಳಿ, ಪಹಣಿಯಲ್ಲಿ ಹೆಸರು ಬರೆಸುವುದು. ಹೆಸರು ಬಂದರೆ ಗದ್ದೆ ಬಿಡಿಸಿಕೊಳ್ಳುವುದು ಒಡೆಯರಿಗೆ ಸುಲಭವಲ್ಲ. ನಾಲ್ವರ ಗದ್ದೆಗೂ ಒಡೆಯರು ಒಬ್ಬರೇ. ಅಣ್ಣ ಹಿಗ್ಗಿನಲ್ಲಿದ್ದ, ರೂಢಿಯಂತೆ ಹೆಸರು ಹೇಳಿದ. ರೂಢಿಯಂತೆ ನಾನು ಬರೆದೆ: ಬಸಪ್ಪ, ರುದ್ರಪ್ಪ, ಗಂಗವ್ವ, ಕೊನೆಗೆ ನಮ್ಮ ಅಪ್ಪ. ಇದು ಹೂಳೆತ್ತಿದಂಥ ಕೆಲಸವಲ್ಲ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಶುಕ್ರವಾರ ಬೆಳಗ್ಗೆ ಒಡೆಯರ ಕಾರಕೂನ ಕೈ ಹಿಂದೆ ಕಟ್ಟಿ ಗೋಡೆಯ ಮುಂದೆ ನಿಂತಿದ್ದ. “ಚಲೋ ಬರೀತೀಯಲ್ಲ ಮಗಳೆ. ಯಾರು ಕಲಿಸಿದ್ರು?” ಎಂದ. ನಾನು ನಾಚಿಕೊಂಡು ಅಣ್ಣನ ಹೆಸರು ಹೇಳಿದೆ. ಆತ ನಿಧಾನವಾಗಿ, ಮೇಲಿನಿಂದ ಕೆಳಕ್ಕೆ, ಎರಡು ಸಲ ಓದಿದ.

ಸೋಮವಾರ ಅದೇ ಹೊತ್ತಿಗೆ ರುದ್ರಪ್ಪನ ಬಣವೆ ಉರಿಯಿತು. ಜನರೆಲ್ಲ ಗದ್ದೆಯಲ್ಲಿದ್ದಾಗ, ಹಾಡುಹಗಲಿನಲ್ಲಿ. ಕಂಡವರಿಲ್ಲ. ಗೋಡೆಯ ಮೇಲಿನ ಸಾಲಿನಂತೆಯೇ ಬೆಂಕಿ ಬೀಳುತ್ತಿದೆಯೆಂದು ಊರಿಗೆಲ್ಲ ಅರ್ಥವಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿಯೆಲ್ಲ ಒಬ್ಬರಾದರೂ ಕಾವಲಿಗೆ ಎದ್ದು ಕೂತಿರುತ್ತಿದ್ದರು.

ಬಸಪ್ಪಜ್ಜ ನಮ್ಮ ಅಂಗಳಕ್ಕೆ ಬಂದು, ಒಳಗೆ ಕರೆದರೂ ಬರದೆ ನಿಂತ. “ಮಾದೇವಾ, ನಿನ್ನ ಗೋಡಿ ನನ್ನ ಎತ್ತಿಗೆ ಮೇವು ಹಾಕತೈತೇನೋ?” ಕಚೇರಿಗೆ ತಾನು ಬರುವುದಿಲ್ಲವೆಂದು ಹೇಳಿ ಅಜ್ಜ ಹೋದ; ರುದ್ರಪ್ಪನೂ ಹಾಗೆಯೇ ಹೇಳಿ ಕಳಿಸಿದ.

ಅಣ್ಣ ಒದ್ದೆ ಬಟ್ಟೆ ಹಿಡಿದು ಸಂಘದ ಕೋಣೆಗೆ ಓಡಿದಾಗ ನಾನೂ ಹಿಂದೆ ಹೋದೆ. ಗಂಗವ್ವ ಅಡ್ಡ ನಿಂತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಗದ್ದೆ ಮಾಡುತ್ತಿದ್ದ ಹೆಂಗಸು. ಅವಳ ಬಣವೆ ಕೊಟ್ಟಿಗೆಗೆ ಆತುಕೊಂಡಿತ್ತು, ಕೊಟ್ಟಿಗೆಯಲ್ಲಿ ಗಬ್ಬದ ಹಸು. “ಅಳಿಸಿ ಏನ್ ಮಾಡ್ತಿ? ಓದಿದ್ದನ್ನ ಅವರ ತಲಿಯಿಂದ ತಿಕ್ಕಾಕಾಗತೈತೇನು? ಬಾ, ಹುಲ್ಲು ಹೊರು.”

ಅಂದೇ ಅವಳು ತನ್ನ ಬಣವೆ ಬಿಚ್ಚಿದಳು. ಓಣಿಯ ಪ್ರತಿ ಮನೆಗೂ ಒಂದೊಂದು ಹೊರೆ. ಅಣ್ಣ, ಸಭೆಗಳಲ್ಲಿ ಗಂಟೆಗಟ್ಟಲೆ ಮಾತನಾಡುತ್ತಿದ್ದವನು, ಬಿಳಿ ಅಂಗಿಯ ತುಂಬ ಹುಲ್ಲಿನ ಧೂಳು ಮೆತ್ತಿಕೊಂಡು ಹೊರೆ ಹೊತ್ತ. ಕೊನೆಯ ಹೊರೆಯನ್ನು ಅವಳು ಕಾರಕೂನನ ಮನೆಗೇ ಒಯ್ದು, ಅವನ ಹೆಂಡತಿಗೆ ಹೇಳಿದಳು: “ಅಟ್ಟದ ಮ್ಯಾಲೆ ಇಟ್ಕೊಳ್ರೀ ಅಕ್ಕಾ. ಹೊರಗಿನ ಕಾಲ ಚಲೋ ಇಲ್ಲ.” ಸಂಜೆಯ ಹೊತ್ತಿಗೆ ನಮ್ಮದನ್ನೂ ಹಾಗೆಯೇ ಹಂಚಿದೆವು. ಇನ್ನು ಸುಡಬೇಕೆಂದರೆ ಊರನ್ನೇ ಸುಡಬೇಕಿತ್ತು.

ಶಿಕಾರಿಪುರದ ಕಚೇರಿಯಲ್ಲಿ ಗಂಗವ್ವನೂ ಅಪ್ಪನೂ ಹೇಳಿಕೆ ಕೊಟ್ಟರು. ಅವರ ಹೆಸರು ಪಹಣಿಗೆ ಬಂತು. ಉಳಿದಿಬ್ಬರ ಗದ್ದೆಯನ್ನು ಒಡೆಯರು ಬಿಡಿಸಿಕೊಂಡರು. ರುದ್ರಪ್ಪ ತನ್ನದೇ ಗದ್ದೆಯಲ್ಲಿ ಕೂಲಿಗೆ ನಿಂತ.

ಅಣ್ಣ ಆಮೇಲೂ ಬಹಳ ವರ್ಷ ದುಡಿದ. ಶಾಲೆ ಕಟ್ಟಿಸಿದ, ರಸ್ತೆ ಮಾಡಿಸಿದ, ಸನ್ಮಾನಗಳಲ್ಲಿ ಇರುಸುಮುರುಸಾಗಿ ಕೂತ. ಆದರೆ ಇನ್ನೊಬ್ಬರ ಹೆಸರನ್ನು ಗೋಡೆಯ ಮೇಲೆ ಮತ್ತೆಂದೂ ಬರೆಸಲಿಲ್ಲ. ಈಗ ಅವನೂ ಇಲ್ಲ, ಆ ಹಜಾರವೂ ಇಲ್ಲ. ಕಾಲೇಜು ಓದಿದ ನಾನು, ತಪ್ಪು ನಮ್ಮದಲ್ಲವೆನ್ನಲು ಕಾರಣಗಳನ್ನು ಜೋಡಿಸಬಲ್ಲೆ. ಆದರೂ ನೆನಪಿನಲ್ಲಿ ಮೊದಲು ಬರೆಯುವುದು ಬಸಪ್ಪಜ್ಜನ ಹೆಸರನ್ನೇ.

ಆ ಬೇಸಿಗೆ ಅಜ್ಜ ಗಾಡಿಗೆ ಸಾಮಾನು ಹೇರಿ, ಅಂಬ್ಲಿಗೊಳದ ಕಡೆ ಇದ್ದ ಮಗಳ ಊರಿಗೆ ಹೊರಟ. ಅಣ್ಣ ಊರಾಚೆಯವರೆಗೂ ಗಾಡಿಯ ಹಿಂದೆ ನಡೆದ. ಅಜ್ಜ ತಿರುಗಿ ನೋಡಲಿಲ್ಲ. ಒಡೆಯರಿಗೆ ಬೇಕಾದಷ್ಟು ಸಿಕ್ಕಿತ್ತು, ಇನ್ನು ಬೆಂಕಿ ಬೀಳುವುದಿಲ್ಲವೆಂದು ಎಲ್ಲರಿಗೂ ತಿಳಿದಿತ್ತು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಕಾವಲಿಗೆ ಏಳಲಿಲ್ಲ. ಬೆಳಗ್ಗೆ ಬಿಸಿಲು ಮುಖಕ್ಕೆ ಬಿದ್ದು ನನಗೆ ಎಚ್ಚರವಾದಾಗ ಅಣ್ಣ ಗೋಡೆಗೆ ಒರಗಿ ಕೂತು, “ಎಷ್ಟು ಚೆನ್ನಾಗಿ ನಿದ್ದೆ ಬಂದುಬಿಡ್ತಲ್ಲೇ ಅವ್ವಾ” ಎಂದು ಅಳುತ್ತಿದ್ದ.