ಹೆಸರು ಹೇಳದ ಎರಡು ಮತಗಳು

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ತಾವರಗೇರಾದಲ್ಲಿ ನೂಲಿಗೆ ಭಾರಿ ಅಭಾವ. ಕುಷ್ಟಗಿಯ ತಾಲೂಕು ಕಚೇರಿಯಿಂದ ಬಂದಷ್ಟನ್ನು ನೇಕಾರರ ಸಂಘದ ಮುಖ್ಯಸ್ಥನಾದ ಪಂಚ ಮನೆಗಳಿಗೆ ಹಂಚುತ್ತಿದ್ದ. ಅವನು ಗಂಡಸರು ನೇಯುವ ಮಗ್ಗಗಳಿಗೆ ಮೊದಲು ಕೊಟ್ಟು, ಉಳಿದರೆ ಮಾತ್ರ ವಿಧವೆಯರ ಕಡೆ ನೋಡುತ್ತಿದ್ದ. ಆ ವರ್ಷ ಏನೂ ಉಳಿಯುತ್ತಿರಲಿಲ್ಲ. ಗಂಡನ ಮಗ್ಗವನ್ನು ತಾನೇ ನಡೆಸುತ್ತಿದ್ದ ವಿಧವೆಯೊಬ್ಬಳು ಸಂಘದ ಚುನಾವಣೆಯಲ್ಲಿ ಅವನ ಎದುರು ನಿಂತಳು. ಅವಳು ಗೆದ್ದರೆ ಹನ್ನೆರಡು ವಿಧವೆಯರ ಮಗ್ಗಗಳಿಗೆ ನೂಲು ಸಿಗುತ್ತಿತ್ತು. ಸೋತರೆ ಇಲ್ಲ.

ನಾನು ಆಗಷ್ಟೇ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ; ಊರಲ್ಲಿ ಅಷ್ಟು ಓದಿದ ಹೆಣ್ಣು ನಾನೊಬ್ಬಳೇ. ಗಂಡಸರು ಶಾಲೆಯ ಅಂಗಳದಲ್ಲಿ ಕೈ ಎತ್ತಬೇಕು; ಸದಸ್ಯರಾಗಿದ್ದ ಆ ಹನ್ನೆರಡು ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಒಳಕೋಣೆಗೆ ಬಂದು ನನಗೆ ಅಭ್ಯರ್ಥಿಯ ಹೆಸರು ಹೇಳಬೇಕು, ನಾನು ಬರೆದುಕೊಳ್ಳಬೇಕು ಎಂದು ಗೊತ್ತಾಗಿತ್ತು. ಹಿಂದಿನ ಸಲ ಯಾರೋ "ದೊಡ್ಡ ಮನೆಯವರು" ಎಂದಿದ್ದಕ್ಕೆ, ಚುನಾವಣೆಗೆ ನಿಂತಿದ್ದ ಆ ಮನೆಯ ಅಣ್ಣ ತಮ್ಮ ಇಬ್ಬರೂ ಆ ಮತ ತಮ್ಮದೆಂದು ಜಗಳವಾಡಿದ್ದರಂತೆ. ಆದ್ದರಿಂದ ಚುನಾವಣೆ ನಡೆಸಲು ಬಂದ ಅಧಿಕಾರಿ, ಪಟ್ಟಿಯಲ್ಲಿರುವ ಹೆಸರನ್ನೇ ಹೇಳಬೇಕು, ಯಾರೂ ಹೇಳಿಕೊಡಬಾರದು ಎಂದು ಕಟ್ಟಪ್ಪಣೆ ಮಾಡಿದ. ನನಗೂ ಅದು ಸರಿಯೆನಿಸಿತು.

ಗಂಡಸರು ಅಕ್ಕಪಕ್ಕ ನೋಡಿ ಕೈ ಎತ್ತಿದರು. ಒಂದು ಓಣಿಯ ಕೈಗಳೆಲ್ಲ ಒಟ್ಟಿಗೇ ಏಳುತ್ತಿದ್ದವು.

"ಹೆಣ್ಮಗಳು ಕುಷ್ಟಗಿ ಕಚೇರಿಗೆ ಹೋಗಿ ಸಾಹೇಬರ ಮುಂದ ನಿಂದ್ರತಾಳೇನು?" ಎಂದ ಒಬ್ಬ.

"ನಿಂತ್ರ ನಿನ್ನಕಿಂತ ಛಲೋ ಮಾತಾಡ್ತಾಳ," ಎಂದ ಇನ್ನೊಬ್ಬ. ಹಾಗೆಂದವನ ಕೈಯೂ ಪಂಚನಿಗೇ ಎದ್ದಿತು, ಅವನೂ ಪಂಚನೂ ಒಂದೇ ಜಾತಿ.

ಪಂಚನಿಗೆ ಏಳು ಮತ ಹೆಚ್ಚು ಬಂದವು. ಇನ್ನು ಒಳಗಿನ ಹನ್ನೆರಡರಲ್ಲಿ ಅವಳಿಗೆ ಹತ್ತು ಬೇಕಿತ್ತು.

ಮೊದಲು ಬಂದ ಮುದುಕಿ ನೆಲಕ್ಕೆ ಕೈ ಊರಿ ಕುಳಿತಳು. "ನಮ್ಮ ಮೂಲಿಮನಿ ಸೊಸಿಗೆ ಬರಿ, ಯವ್ವಾ."

"ಹೆಸರು ಹೇಳಬೇಕಮ್ಮ."

"ಹೆಸರು ಯಾರು ಕರದಾರ ಆಕಿನ್ನ? ಸೊಸಿ ಅಂತೀವಿ. ಅಲ್ಲೇ ಕಟ್ಟಿ ಮ್ಯಾಲ ಕುಂತಾಳ ನೋಡು."

ನಾನು ಹೇಳಿಕೊಡುವಂತಿರಲಿಲ್ಲ. ಹೆಸರು ನನ್ನ ಮುಂದಿನ ಹಾಳೆಯ ಮೇಲೇ ಇತ್ತು. ಮುದುಕಿಗೆ ಓದಲು ಬರುತ್ತಿರಲಿಲ್ಲ. ಅವಳು ನನ್ನ ಮುಖ ನೋಡುತ್ತ ಕಾದಳು, ನಾನು ಮತದಾರರ ಪಟ್ಟಿಯಲ್ಲಿ ಅವಳ ಹೆಸರಿನ ಎದುರು ಖಾಲಿ ಮತವೆಂದು ಗೆರೆ ಎಳೆದೆ. ಎರಡನೆಯವಳು ಅದೇ ಕಟ್ಟೆಯತ್ತ ಕೈ ತೋರಿಸಿ "ಸಣ್ಣಾತನ ತಾಯಿಗೆ" ಎಂದಳು. ಅಲ್ಲಿಯೂ ಗೆರೆ. ಇಪ್ಪತ್ತು ವರ್ಷದಿಂದ ಆ ಓಣಿಯಲ್ಲಿದ್ದವಳ ಹೆಸರು ಓಣಿಗೇ ಗೊತ್ತಿಲ್ಲ, ಅದು ತೊಡಕಾದೀತೆಂದು ಅವಳಿಗೂ ನನಗೂ ಹೊಳೆದಿರಲಿಲ್ಲ.

ಮೂರನೆಯವಳು ಮುಸಲ್ಮಾನರ ವಿಧವೆ. ಬಂದವಳೇ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ನಾನು ಬರೆಯುವಾಗ ಮೇಲಿನ ಎರಡು ಗೆರೆಗಳನ್ನು ನೋಡಿ, "ಇವು ಯಾಕ ಹಿಂಗ?" ಎಂದಳು.

"ಹೆಸರು ಹೇಳಲಿಲ್ಲ."

"ನನಗ ಆಕಿ ಸೊಸಿನೂ ಅಲ್ಲ, ಅತ್ತಿನೂ ಅಲ್ಲ. ಹಂಗಾಗಿ ಹೆಸರ ಹಿಡಿದು ಕರೀತೀನಿ," ಎಂದು ಎದ್ದು ಹೋದಳು.

ಮರುಕ್ಷಣ ಹೊರಗಿನಿಂದ ಅವಳ ದನಿ ಕೇಳಿತು. ಕಟ್ಟೆಯ ಮೇಲಿದ್ದವಳನ್ನು ಹೆಸರು ಹಿಡಿದು ಕೂಗಿ, ಒಂದು ತಂಬಿಗೆ ನೀರು ಕೇಳಿದಳು. ಇನ್ನೊಮ್ಮೆ ಹೆಸರು ಹಿಡಿದು, ನೀರು ಬೆಚ್ಚಗಿದೆ ಎಂದಳು. ಮತ್ತೊಮ್ಮೆ ಹೆಸರು ಹಿಡಿದು, ತಂಬಿಗೆ ಬೆಳಗಿಲ್ಲವೇನು ಎಂದು ಆಡಿಕೊಂಡಳು. ಸರದಿಗೆ ಕಾದಿದ್ದ ಹೆಣ್ಣುಮಕ್ಕಳು ನಕ್ಕದ್ದು ಕೇಳಿಸಿತು.

ಆಮೇಲೆ ಬಂದವರಲ್ಲಿ ಇಬ್ಬರು ಪಂಚನ ಹೆಸರು ಹೇಳಿದರು. ಒಬ್ಬಳು ಮೈದುನ ಹೇಳಿಕೊಟ್ಟಿದ್ದನೆಂದಳು, ಇನ್ನೊಬ್ಬಳು ಕಾರಣ ಹೇಳಲಿಲ್ಲ. ಉಳಿದವರೆಲ್ಲ ಹೊರಗೆ ಮೂರು ಸಲ ಕೇಳಿದ ಹೆಸರನ್ನೇ ಹೇಳಿದರು. ಕೊನೆಗೆ ಚುನಾವಣೆಗೆ ನಿಂತವಳೇ ಬಂದಳು. ತನ್ನ ಹೆಸರನ್ನು ತಾನು ಹೇಳಿ ರೂಢಿಯಿಲ್ಲದೆ ಮೊದಲ ಸಲ ಅರ್ಧಕ್ಕೇ ನಿಂತಳು. ಎರಡನೆಯ ಸಲ ಹೇಳಿದಳು.

ಪಂಚ ತಕರಾರು ತೆಗೆದ. "ಹೆಸರು ಕಲಿಸ್ಯಾರ್ರಿ ಸಾಹೇಬ್ರ. ಇದು ನಡಿಯಂಗಿಲ್ಲ."

ಅಧಿಕಾರಿ ಬಾಗಿಲಿಗೆ ಬಂದು ನನ್ನನ್ನು ಕೇಳಿದ, "ಒಳಗ ಯಾರರ ಹೇಳಿಕೊಟ್ರೇನ್ರಿ, ಬಾಯಿ?"

ಅಂಗಳದ ಗಂಡಸರೆಲ್ಲ ನನ್ನತ್ತ ತಿರುಗಿದ್ದರು. "ಒಳಗೆ ಯಾರೂ ಹೇಳಿಕೊಟ್ಟಿಲ್ಲ," ಎಂದೆ. ಅವನು ಕೇಳಿದ್ದು ಅಷ್ಟನ್ನೇ.

"ಹೊರಗ ನೀರು ಕೇಳಿದ್ದಕ್ಕ ನಾ ಏನ್ ಮಾಡ್ಲಿ?" ಎಂದು ಅವನು ಪಂಚನಿಗೆ ಹೇಳಿ ಹಾಳೆ ತೆಗೆದುಕೊಂಡ. ಅವಳಿಗೆ ಎಂಟು, ಪಂಚನಿಗೆ ಎರಡು, ಎರಡು ಖಾಲಿ. ಗಂಡಸರ ಕೈಗಳನ್ನು ಕೂಡಿಸಿದಾಗ ಪಂಚ ಒಂದು ಮತದಿಂದ ಗೆದ್ದ.

ಎಲ್ಲರೂ ಹೋದ ಮೇಲೆ ಮುದುಕಿ ನನ್ನ ಹತ್ತಿರ ಬಂದಳು.

"ನಂದು ಎಣಿಸ್ಯಾರೇನವಾ?"

"ಇಲ್ಲಮ್ಮ."

"ಯಾರಿಗೆ ಅಂದೆ ಅಂತ ನಿನಗ ತಿಳೀಲಿಲ್ಲೇನು?"

"ತಿಳಿಯಿತು."

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ, ಸೆರಗು ಹೊದ್ದು ಹೊರಟಳು.

ಮುಂದಿನ ನೂಲು ಬಂದ ವಾರ ಆ ಮುದುಕಿಯ ಮನೆಯ ಮುಂದೆ ಹಾದುಹೋದೆ. ಮಗ್ಗದಲ್ಲಿ ನೂಲಿರಲಿಲ್ಲ; ನೇಯುವಾಗ ಕಾಲಿಡುವ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಕುಳಿತು ಬೇರೆಯವರ ಮನೆಯ ಜೋಳ ಹಸನು ಮಾಡುತ್ತಿದ್ದಳು.